ರಾಕ್ ಬ್ಯಾಂಡ್‌ಗಳ ನಿಧಾನದ ಪ್ರೇಮಗೀತೆ: ಯಾರಿಗೆ ಯಾವುದು, ಎಲ್ಲಿಗೆ ಯಾವುದು

ಹೋದ ತಿಂಗಳು ಚಿಕ್ಕಮ್ಮನ ಮಗ ಬೆಂಗಳೂರಿಂದ ಫೋನ್ ಮಾಡಿದ. ‘ಅಣ್ಣಾ, ರಿಸೆಪ್ಷನ್‌ನಾಗೆ ನಾವಿಬ್ರೂ ಒಳಗೆ ಬರುವಾಗ ಒಂದು ಸ್ಲೋ ಇಂಗ್ಲಿಷ್ ಹಾಡು ಬೇಕು. ಆಕೆಗೆ ರಾಕ್ ಅಂದ್ರೆ ಪ್ರಾಣ. ನೀನೇ ಒಂದು ಹೇಳಿಬಿಡು.’ ಬಳ್ಳಾರಿಯಲ್ಲಿ ಹದಿನೆಂಟು ವರ್ಷದಿಂದ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸಿಕೊಂಡು, ಮದುವೆ ಸೀಸನ್‌ನಲ್ಲಿ ಸೌಂಡೂ ನೋಡಿಕೊಳ್ಳುವವನು ನಾನು. ಇಂಥದ್ದಕ್ಕೆ ತಟ್ಟನೆ ಉತ್ತರ ಬರಬೇಕು. ಬರಲಿಲ್ಲ. ಇದೇ ಪ್ರಶ್ನೆಗೆ ಹಿಂದೊಮ್ಮೆ ತಟ್ಟನೆ ಉತ್ತರ ಕೊಟ್ಟು ಮರ್ಯಾದೆ ಕಳೆದುಕೊಂಡಿದ್ದೆ.

ಅದು ಗೆಳೆಯನೊಬ್ಬನ ರಿಸೆಪ್ಷನ್. ನಾನು ಹೇಳಿದ್ದು ಗನ್ಸ್ ಅಂಡ್ ರೋಸಸ್‌ನ ‘ನವೆಂಬರ್ ರೇನ್’. ಪಿಯಾನೋ ಶುರುವಾಯಿತು, ಹಿಂದೆ ವಯಲಿನ್‌ಗಳು ಎದ್ದವು, ಹುಡುಗ ಹುಡುಗಿ ನಗುನಗುತ್ತಾ ಸ್ಟೇಜ್ ಹತ್ತಿದರು. ಎಲ್ಲ ಚೆಂದ. ಆದರೆ ಹಾಡು 8 ನಿಮಿಷ 57 ಸೆಕೆಂಡ್. ನಾಲ್ಕನೇ ನಿಮಿಷಕ್ಕೆ ಕರೆಂಟ್ ಹೋಯಿತು, ಜನರೇಟರ್ ಎದ್ದಿತು, ಸಿಸ್ಟಮ್ ಮುಂದೆ ಕೂತ ಹುಡುಗ ಹಾಡನ್ನು ಮತ್ತೆ ಮೊದಲಿಂದ ಹಾಕಿದ. ಮುಯ್ಯಿ ಕವರ್ ಹಿಡಿದು ಸಾಲಿನಲ್ಲಿ ನಿಂತಿದ್ದ ಹಿರಿಯರೊಬ್ಬರು ನನ್ನ ಕಡೆ ತಿರುಗಿ, ‘ಏನಪ್ಪಾ, ಇದು ಮುಗಿಯೋ ಹಾಡಾ? ಇಲ್ಲಾಂದ್ರೆ ನಾವು ಉಂಡು ಬರ್ತೀವಿ’ ಅಂದರು. ಅಷ್ಟಾದರೂ ತಡೆದುಕೊಳ್ಳಬಹುದಿತ್ತು. ಎಲ್‌ಇಡಿ ಪರದೆಯವನು ಹುಮ್ಮಸ್ಸಿನಲ್ಲಿ ಹಾಡಿನ ವಿಡಿಯೋನೇ ಹಾಕಿಬಿಟ್ಟಿದ್ದ. ಪರದೆ ಮೇಲೆ ಚರ್ಚಿನ ಮದುವೆ, ಬಿಳಿ ಗೌನಿನ ಮದುಮಗಳು. ಜನ ಚಪ್ಪಾಳೆ ಹೊಡೆದರು. ಆಮೇಲೆ ಮಳೆ ಬಂದು ಊಟದ ಮೇಜೆಲ್ಲ ಚೆಲ್ಲಾಪಿಲ್ಲಿ. ಆಮೇಲೆ ಅದೇ ಮದುಮಗಳು ಶವಪೆಟ್ಟಿಗೆಯಲ್ಲಿ. ಹುಡುಗಿಯ ಅಜ್ಜಿ ಕುರ್ಚಿಯಿಂದ ಎದ್ದು, ‘ಶಿವ ಶಿವಾ, ಮೊದ್ಲು ಅದನ್ನ ಆರಿಸ್ರೋ!’ ಅಂತ ಕೂಗಿದ್ದು ಇಡೀ ಮಂಟಪಕ್ಕೆ ಕೇಳಿತು. ನಾನು ಮಿಕ್ಸರ್ ಹಿಂದೆ ಬಗ್ಗಿ ಕೇಬಲ್ ಹುಡುಕುವವನ ಹಾಗೆ ಕೂತೆ.

ಹಾಡಿನ ತಪ್ಪೇನೂ ಇಲ್ಲ. ಜಾಗ ತಪ್ಪಿತ್ತು. ಅದಕ್ಕೇ ಈ ಸಲ ತಮ್ಮನಿಗೆ ಒಂದು ಹೆಸರು ಹೇಳಿ ಕೈ ತೊಳೆದುಕೊಳ್ಳದೆ, ನನಗೆ ಇಷ್ಟವಾದವನ್ನೆಲ್ಲ ಎದುರುಬದುರು ಕೂರಿಸಿ ನೋಡಿದೆ.

ರಾಕ್ ಬ್ಯಾಂಡ್‌ನ ನಿಧಾನದ ಹಾಡಿಗೂ ಬೇರೆ ನಿಧಾನದ ಹಾಡಿಗೂ ಇರುವ ವ್ಯತ್ಯಾಸ ನಮ್ಮ ಕಡೆಯವರಿಗೆ ತುಂಗಭದ್ರಾ ಡ್ಯಾಮಿನ ಹತ್ತಿರ ನಿಂತರೆ ತಿಳಿಯುತ್ತೆ. 33 ಗೇಟೂ ಮುಚ್ಚಿದ್ದಾಗ ಮುಂದೆ ಕಲ್ಲುಬಂಡೆ, ಸಣ್ಣ ಹರಿವು, ಕೊಕ್ಕರೆ. ಆದರೆ ಗೋಡೆಯ ಹಿಂದೆ ಎಷ್ಟು ನೀರು ನಿಂತಿದೆ ಅನ್ನುವುದು ಮನಸ್ಸಿನಿಂದ ಹೋಗುವುದಿಲ್ಲ. ಗದ್ದಲಕ್ಕೇ ಹೆಸರಾದ ನಾಲ್ಕೈದು ಜನ ಮೆತ್ತಗೆ ಬಾರಿಸಲು ಕೂತಾಗ ಆಗುವುದೂ ಅದೇ. ಜೋರು ಹಿಂದೆ ನಿಂತಿರುತ್ತೆ. ಕೆಲವು ಹಾಡು ಗೇಟ್ ತೆಗೆಯುವುದೇ ಇಲ್ಲ. ಕೆಲವು ಒಂದೆರಡು ಎತ್ತಿ ಮತ್ತೆ ಇಳಿಸುತ್ತವೆ. ಕೆಲವು ಕೊನೆಗೆ ಅಷ್ಟನ್ನೂ ಎತ್ತುತ್ತವೆ. ನಿಮಗೆ ಎಷ್ಟು ಗೇಟಿನ ಹಾಡು ಬೇಕು ಅನ್ನುವುದು ಮೊದಲು ತೀರ್ಮಾನವಾಗಬೇಕು. ಹಾಡು ಎಷ್ಟು ಉದ್ದ, ಅದರೊಳಗಿನ ಕಥೆ ಕೂಡಿದವರದೋ ಬಿಟ್ಟುಹೋದವರದೋ, ರೆಕಾರ್ಡ್ ಹಾಕುತ್ತೀರೋ ನಿಮ್ಮದೇ ಗಂಟಲೋ, ಇವೆಲ್ಲ ಅದರ ಹಿಂದೆ ಬರುತ್ತವೆ.

ಇಲ್ಲಿ ಬ್ಯಾಂಡ್‌ಗಳದ್ದು ಮಾತ್ರ. ಬ್ರಿಯಾನ್ ಆಡಮ್ಸ್ ಅಭಿಮಾನಿಗಳು ಸಿಟ್ಟಾಗಬೇಡಿ, ಒಬ್ಬರೇ ಹಾಡುವವರ ಲೆಕ್ಕ ಬೇರೆ. ಪಿಂಕ್ ಫ್ಲಾಯ್ಡ್‌ನ ‘ವಿಶ್ ಯೂ ವರ್ ಹಿಯರ್’ ಕೂಡ ಬಿಟ್ಟಿದ್ದೇನೆ. ಅದು ಬ್ಯಾಂಡಿನಿಂದ ದೂರವಾದ ಗೆಳೆಯ ಸಿಡ್ ಬ್ಯಾರೆಟ್‌ನ ನೆನಪು, ಪ್ರೇಯಸಿಯದಲ್ಲ.

ಮೆಟಾಲಿಕಾನೋ, ಸ್ಕಾರ್ಪಿಯನ್ಸೋ

ನಮ್ಮೂರಿನ ಹುಡುಗರಲ್ಲಿ ಈ ಜಗಳ ಮುಗಿದದ್ದೇ ಇಲ್ಲ. ಒಗ್ಗರಣೆ ಮಿರ್ಚಿ ಅಂಗಡಿ ಮುಂದೆ ಗಿಟಾರ್ ಕವರ್ ಹೆಗಲಿಗೇರಿಸಿದ ಇಬ್ಬರು ನಿಂತಿದ್ದರೆ ಮಾತು ಇಲ್ಲಿಗೆ ಬಂದೇ ಬರುತ್ತೆ: ‘ನಥಿಂಗ್ ಎಲ್ಸ್ ಮ್ಯಾಟರ್ಸ್’ ದೊಡ್ಡದೋ, ‘ಸ್ಟಿಲ್ ಲವಿಂಗ್ ಯೂ’ ದೊಡ್ಡದೋ?

ಎರಡೂ ಆರೂವರೆ ನಿಮಿಷದ ಆಸುಪಾಸು. ಎರಡೂ ಒಂದೊಂದೇ ತಂತಿ ಮೀಟುತ್ತಾ ಶುರುವಾಗುತ್ತವೆ. ಅಲ್ಲಿಂದ ದಾರಿ ಬೇರೆ.

ಮೆಟಾಲಿಕಾ ಹಾಡಿನ ಮೊದಲ ಸಾಲನ್ನು ಬಾರಿಸಲು ಎಡಗೈ ಬೇಕೇ ಇಲ್ಲ. ದಪ್ಪ ತಂತಿ, ಆಮೇಲೆ ಕೆಳಗಿನ ಮೂರು ಸಣ್ಣ ತಂತಿ, ಎಲ್ಲವೂ ಖಾಲಿ. ತಂಬೂರಿ ಮೀಟಿದ ಹಾಗೆ. ಯಾಕೆ ಹಾಗೆ ಅಂದರೆ, ಜೇಮ್ಸ್ ಹೆಟ್‌ಫೀಲ್ಡ್ ಒಂದು ಕೈಯಲ್ಲಿ ಫೋನ್ ಹಿಡಿದು ಪ್ರೇಯಸಿ ಜೊತೆ ಮಾತಾಡುತ್ತಾ, ಇನ್ನೊಂದು ಕೈ ಸುಮ್ಮನಿರದೆ ಮೀಟಿದಾಗ ಹುಟ್ಟಿದ್ದು ಅದು. ಬ್ಯಾಂಡಿಗೆ ಅಂತ ಬರೆದದ್ದೂ ಅಲ್ಲ. ತನಗೇ ಇಟ್ಟುಕೊಂಡಿದ್ದ ಹಾಡನ್ನು ಉಳಿದವರು ಕೇಳಿ, 1991ರ ಕಪ್ಪು ಮುಖಪುಟದ ಆಲ್ಬಮ್ಮಿಗೆ ಸೇರಿಸಿದರು. ಹಿಂದಿನ ವಾದ್ಯವೃಂದ ಮೈಕಲ್ ಕೇಮನ್ ಅವರದ್ದು. ಅದೇ ವರ್ಷ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 16 ವಾರ ಮೊದಲ ಸ್ಥಾನದಲ್ಲಿ ಕೂತಿದ್ದ ಬ್ರಿಯಾನ್ ಆಡಮ್ಸ್ ಹಾಡಿಗೂ ಅವರು ಸಹ ರಚನೆಕಾರರು. ಮೆಟಾಲಿಕಾ ಹಾಡಿನ ಕೊನೆಯ ಗಿಟಾರ್ ಸೋಲೋ (ಗಿಟಾರ್ ಒಂದೇ ಮುಂದೆ ನಿಂತು ನುಡಿಯುವ ಭಾಗ) ಕೂಡ ಆ ಬ್ಯಾಂಡಿನ ಸೋಲೋ ಮನುಷ್ಯ ಕರ್ಕ್ ಹ್ಯಾಮೆಟ್ ಬಾರಿಸಿದ್ದಲ್ಲ, ಹೆಟ್‌ಫೀಲ್ಡ್ ಅವರೇ ಬಾರಿಸಿದ್ದು. ಅದರಲ್ಲಿ ಚಮತ್ಕಾರ ಕಡಿಮೆ, ಮಾತು ಜಾಸ್ತಿ. ಹಾಡಿನವನೇ ಮಾತು ಮುಂದುವರಿಸಿದಂತೆ ಕೇಳುತ್ತೆ.

ಇನ್ನೊಂದು ಗುಟ್ಟು ಹೇಳಿದವನು ನಮ್ಮ ಆರ್ಕೆಸ್ಟ್ರಾದ ತಬಲಾದವನು. ಒಮ್ಮೆ ರಾಘವ ಕಲಾಮಂದಿರದಲ್ಲಿ ಕಾರ್ಯಕ್ರಮಕ್ಕೆ ಮುಂಚೆ ನಾನು ಶ್ರುತಿ ನೋಡಿಕೊಳ್ಳಲು ಈ ಹಾಡು ಮೀಟುತ್ತಿದ್ದೆ. ಆತ ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡೇ ‘ಧಾ ಧಿನ್ ನಾ, ಧಾ ತಿನ್ ನಾ’ ಅಂತ ಜೊತೆಗೂಡಿದ. ‘ಅಣ್ಣಾ, ಇದು ದಾದ್ರಾ ಅಲ್ಲೇನು?’ ಹೌದು, ಆರು ಮಾತ್ರೆಯ ತಾಳ. ಭಜನೆಯಲ್ಲಿ, ಭಾವಗೀತೆಯಲ್ಲಿ ನಮ್ಮ ಕಿವಿಗೆ ಕೂತುಬಿಟ್ಟಿರುವ ಅದೇ ತೂಗಾಟ. ಇಂಗ್ಲಿಷ್ ಹಾಡೇ ಕೇಳದ ನಮ್ಮಮ್ಮ ಕೂಡ ಇದಕ್ಕೆ ತಲೆದೂಗಿದ್ದು ಯಾಕೆ ಅಂತ ನನಗೆ ಅವತ್ತು ಅರ್ಥವಾಯಿತು.

ಸ್ಕಾರ್ಪಿಯನ್ಸ್ ಜರ್ಮನಿಯ ಹ್ಯಾನೋವರ್‌ನವರು. ‘ಸ್ಟಿಲ್ ಲವಿಂಗ್ ಯೂ’ 1984ರ ಆಲ್ಬಮ್ಮಿನದು. ರಾಗ ರುಡಾಲ್ಫ್ ಶೆಂಕರ್, ಸಾಹಿತ್ಯ ಕ್ಲಾಸ್ ಮೈನೆ. ಈ ಮೈನೆ ಅದಕ್ಕೆ ಎರಡು ಮೂರು ವರ್ಷ ಹಿಂದೆ ಧ್ವನಿಯನ್ನೇ ಕಳೆದುಕೊಂಡು, ಗಂಟಲಿಗೆ ಆಪರೇಷನ್ ಮಾಡಿಸಿಕೊಂಡವರು. ಅದು ಗೊತ್ತಿದ್ದು ಈ ಹಾಡಿನ ಕೊನೆಯ ಎರಡು ನಿಮಿಷ ಕೇಳಿ ನೋಡಿ. ಮೊದಲು ಪಿಸುಮಾತು, ಆಮೇಲೆ ಬೇಡಿಕೆ, ಕೊನೆಗೆ ಕೂಗು. ನಮ್ಮ ಉತ್ತರ ಕರ್ನಾಟಕದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿಲಂಬಿತದಲ್ಲಿ ಕೂತು ಕೂತು, ಒಂದೊಂದೇ ಸ್ವರ ಬಿಚ್ಚಿ, ತಾರಕ್ಕೆ ಹೋಗುವ ಗವಾಯಿಯನ್ನು ರಾತ್ರಿಯಿಡೀ ಕೂತು ಕೇಳುವ ಜನ ನಾವು.

ಹಾಗಾದರೆ ಯಾವುದು? ಕಲಿಯಲು ಮೆಟಾಲಿಕಾ, ಅದರಲ್ಲಿ ಎರಡು ಮಾತಿಲ್ಲ. ಮೊದಲ ವಾರವೇ ಹತ್ತು ಸೆಕೆಂಡಿನ ಸಂಗೀತ ಕೈಗೆ ಬಂದು ಉತ್ಸಾಹ ಉಳಿಯುತ್ತೆ. ಜೊತೆಯಲ್ಲಿರುವವರಿಗೆ ಹೇಳಲೂ ಅದೇ, ಯಾಕೆಂದರೆ ಅದು ದೂರದಲ್ಲಿದ್ದರೂ ಹತ್ತಿರವೇ ಇದ್ದೇವೆ ಅನ್ನುವವನ ಮಾತು. ಸ್ಕಾರ್ಪಿಯನ್ಸ್‌ನದು ಮುರಿದು ಬಿದ್ದ ಸಂಬಂಧವನ್ನು ಮತ್ತೆ ಕಟ್ಟೋಣ ಅಂತ ಬೇಡುವವನದು. ಮದುವೆ ಮನೆಗೆ ತರಬೇಡಿ. ಆದರೆ ಒಬ್ಬನೇ ಇದ್ದಾಗ, ರಾತ್ರಿ ಹನ್ನೊಂದಕ್ಕೆ ತಾರಸಿ ಮೇಲೆ, ದೂರದಲ್ಲಿ ಕೋಟೆ ಗುಡ್ಡದ ದೀಪ ಕಾಣುತ್ತಿರುವಾಗ ಒಂದೇ ಹಾಡು ಕೇಳು ಅಂದರೆ ನಾನು ಕೇಳುವುದು ಇದನ್ನೇ. ಮೆಟಾಲಿಕಾದ್ದು ಗೇಟನ್ನು ಅಳತೆಯಿಂದ ಎತ್ತುತ್ತೆ. ಇದು ಮೂವತ್ತಮೂರನ್ನೂ ಎತ್ತಿಬಿಡುತ್ತೆ. ನೀವೇ ಹಾಡಲು ಹೋದರೆ ಮಾತ್ರ ಹುಷಾರು. 2024ರ ಆಗಸ್ಟ್‌ನಲ್ಲಿ 19ನೇ ಗೇಟಿನ ಚೈನ್ ಕಿತ್ತು ಗೇಟೇ ಕೊಚ್ಚಿಹೋಯಿತಲ್ಲ, ನನ್ನ ಗಂಟಲಿನ ಗತಿ ಆ ಕೊನೆಯ ಕೂಗಿನಲ್ಲಿ ಅದೇ ಆಗಿದೆ.

ಮಧ್ಯೆ ಒಂದು ಮಾತು. 2011ರ ಅಕ್ಟೋಬರ್ 30ರಂದು ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಾಗ ಇಲ್ಲಿಂದ ನಾಲ್ಕು ಹುಡುಗರು ಹಂಪಿ ಎಕ್ಸ್‌ಪ್ರೆಸ್ ಹತ್ತಿ ಹೋದರು. ನನಗೆ ಆವತ್ತು ಕಾರ್ಯಕ್ರಮ ಒಪ್ಪಿಕೊಂಡಾಗಿತ್ತು, ಅಡ್ವಾನ್ಸೂ ಖರ್ಚಾಗಿತ್ತು. ಅವರಲ್ಲೊಬ್ಬ ಅಲ್ಲಿಂದ ಫೋನ್ ಮಾಡಿ ಮೊಬೈಲನ್ನು ಮೇಲಕ್ಕೆತ್ತಿ ಹಿಡಿದ. ನನಗೆ ಕೇಳಿದ್ದು ಹತ್ತು ಸಾವಿರ ಜನರ ಕಿರುಚಾಟ ಒಂದೇ. ಫೋನಿನಲ್ಲಿ ಹುಟ್ಟಿದ ಹಾಡಿನವರನ್ನು ಫೋನಿನಲ್ಲೇ ಕಳೆದುಕೊಂಡೆ.

ಒಂದೇ ಬ್ಯಾಂಡಿನಲ್ಲಿ ಮೂರು

ಗನ್ಸ್ ಅಂಡ್ ರೋಸಸ್ ಹೆಸರು ಹೇಳಿದರೆ ಎಲ್ಲರೂ ‘ನವೆಂಬರ್ ರೇನ್’ ಅನ್ನುತ್ತಾರೆ. ಆಕ್ಸೆಲ್ ರೋಸ್ ಅವರ ಪಿಯಾನೋ, ಸ್ಲ್ಯಾಶ್ ಅವರ ಸೋಲೋಗಳು, ಕೊನೆಗೆ ಹಾಡೇ ಬೇರೆಯಾಗಿ ಹೊರಳುವ ರೀತಿ, ಎಲ್ಲವೂ ದೊಡ್ಡದು. ಕಾರಿನಲ್ಲಿ ಬಳ್ಳಾರಿಯಿಂದ ಹೊಸಪೇಟೆ ಕಡೆಗೆ ಹೋಗುವಾಗ ಹಾಕಿ. ಅರ್ಧಕ್ಕೆ ಯಾರೂ ಬಂದು ಕೇಳುವವರಿಲ್ಲದ ಜಾಗ ಅದಕ್ಕೆ ಬೇಕು.

‘ಡೋಂಟ್ ಕ್ರೈ’ ಬೀಳ್ಕೊಡುವವನ ಸಮಾಧಾನ. 1991ರ ಸೆಪ್ಟೆಂಬರ್ 17ರಂದು ಬ್ಯಾಂಡ್ ಎರಡು ಆಲ್ಬಮ್ ಒಟ್ಟಿಗೆ ಬಿಟ್ಟಿತು, ಎರಡರಲ್ಲೂ ಈ ಹಾಡಿದೆ. ರಾಗ ಒಂದೇ, ಚರಣಗಳ ಮಾತು ಬೇರೆ. ನೀವು ಕಲಿತ ಮಾತು ಗೆಳೆಯನ ಮಾತಿಗೆ ಹೊಂದದಿದ್ದರೆ ಇಬ್ಬರೂ ಸರಿ, ಜಗಳ ಬೇಡ. ಕೊನೆಯ ಸ್ವರವನ್ನು ಆಕ್ಸೆಲ್ ಇಪ್ಪತ್ತು ಸೆಕೆಂಡಿಗೂ ಮೇಲೆ ಎಳೆಯುತ್ತಾರೆ. ಕಂಪನಿ ನಾಟಕದ ಕಾಲದಲ್ಲಾಗಿದ್ದರೆ ಇಷ್ಟಕ್ಕೇ ನಾಲ್ಕು ಒನ್ಸ್ ಮೋರ್ ಬೀಳುತ್ತಿತ್ತು.

ನನ್ನ ಆಯ್ಕೆ ‘ಪೇಷನ್ಸ್’. 1988. ಮೂರು ಅಕೌಸ್ಟಿಕ್ ಗಿಟಾರ್, ಒಂದು ಸೀಟಿ, ಒಂದು ಗಂಟಲು. ಡ್ರಮ್ಸ್ ಇಲ್ಲವೇ ಇಲ್ಲ. ಆ ಕಾಲದಲ್ಲಿ ಅಮೆರಿಕದಲ್ಲೇ ಅತಿ ಪುಂಡು ಬ್ಯಾಂಡ್ ಅಂತ ಹೆಸರು ತೆಗೆದುಕೊಂಡವರು ಕೂತು ಸೀಟಿ ಹಾಕುತ್ತಾ ಸ್ವಲ್ಪ ತಾಳು ಅನ್ನುತ್ತಿದ್ದಾರೆ. ಜಗಳವಾಡಿ ತವರಿಗೆ ಹೋದವಳಿಗೆ ಕಳಿಸಲು ಇದಕ್ಕಿಂತ ಒಳ್ಳೆಯ ಹಾಡಿಲ್ಲ. ಕಳಿಸಿ ನೋಡಿದವನ ಮಾತು ಇದು. ಮೂರನೇ ದಿನಕ್ಕೆ ಉತ್ತರ ಬಂತು, ‘ಸೀಟಿ ಹೊಡೆಯೋದು ಬಿಟ್ಟು ಬಂದು ಕರ್ಕೊಂಡು ಹೋಗಿ’ ಅಂತ.

ಗಿಟಾರ್ ಒಂದೇ ಇದ್ದರೆ

ಎರಡು ಹೆಸರು. ಎಕ್ಸ್‌ಟ್ರೀಮ್‌ನ ‘ಮೋರ್ ದ್ಯಾನ್ ವರ್ಡ್ಸ್’, ಮಿಸ್ಟರ್ ಬಿಗ್‌ನ ‘ಟು ಬಿ ವಿತ್ ಯೂ’. ಒಂದು 1991ರಲ್ಲಿ, ಇನ್ನೊಂದು 1992ರಲ್ಲಿ ಅಮೆರಿಕದ ಪಟ್ಟಿಯ ಮೊದಲ ಸ್ಥಾನಕ್ಕೆ ಹೋದವು. ಎರಡೂ ಬ್ಯಾಂಡ್‌ಗಳ ಉಳಿದ ಹಾಡು ಕೇಳಿದರೆ ಇವರೇನಾ ಅವರು ಅನ್ನಿಸುತ್ತೆ. ಮಿಸ್ಟರ್ ಬಿಗ್‌ನವರು ಇದೇ ಆಲ್ಬಮ್ಮಿನ ಇನ್ನೊಂದು ಹಾಡಿನಲ್ಲಿ ಡ್ರಿಲ್ ಮೆಷಿನ್ ಹಿಡಿದು ಗಿಟಾರ್ ತಂತಿ ಬಾರಿಸಿದವರು. ಗಣಿ ಊರಿನವರಾದ ನಮಗೆ ಡ್ರಿಲ್ ಹೊಸದಲ್ಲ, ಅದರಿಂದ ಸಂಗೀತ ಬರಬಹುದು ಅನ್ನುವುದು ಹೊಸದು. ಎಕ್ಸ್‌ಟ್ರೀಮ್ ಆಲ್ಬಮ್ಮನ್ನು ನಾನು ಬ್ರೂಸ್‌ಪೇಟೆಯ ಅಂಗಡಿಯೊಂದರಲ್ಲಿ ಈ ಒಂದು ಹಾಡಿಗಾಗಿ ಕ್ಯಾಸೆಟ್ ತಂದು, ಮನೆಯಲ್ಲಿ ಜೋರಾಗಿ ಹಾಕಿ, ಉಳಿದದ್ದು ಕೇಳಿ ಅಪ್ಪನಿಂದ ಬೈಸಿಕೊಂಡಿದ್ದೆ.

‘ಮೋರ್ ದ್ಯಾನ್ ವರ್ಡ್ಸ್’ ಕೇಳಲು ಸುಲಭ, ಬಾರಿಸಲು ಕಷ್ಟ. ತಂತಿಗಳನ್ನೆಲ್ಲ ಅರ್ಧ ಸ್ವರ ಇಳಿಸಬೇಕು. ನೂನೋ ಬೆಟೆನ್‌ಕೋರ್ಟ್ ಅವರ ಬಲಗೈ ಒಂದೇ ಸಲಕ್ಕೆ ಎರಡು ಕೆಲಸ ಮಾಡುತ್ತೆ. ಬೆರಳು ಮೀಟುತ್ತೆ, ನಡುನಡುವೆ ಅದೇ ಕೈ ತಂತಿಯ ಮೇಲೆ ‘ಟಕ್’ ಅಂತ ಬಿದ್ದು ಡ್ರಮ್ಸ್ ಜಾಗ ತುಂಬುತ್ತೆ. ಈ ಟಕ್ ಬರದಿದ್ದರೆ ಹಾಡು ಚಪ್ಪೆ, ಉಪ್ಪಿಲ್ಲದ ಒಗ್ಗರಣೆ. ನನಗೆ ಅದು ಕೂರಲು ಎರಡು ತಿಂಗಳು ಹಿಡಿಯಿತು. ಜೊತೆಗೆ ಎರಡನೇ ಧ್ವನಿ ಇಲ್ಲದೆ ಹಾಡಲೇಬಾರದು. ಗ್ಯಾರಿ ಚೆರೋನ್ ಮತ್ತು ನೂನೋ ಇಬ್ಬರ ಗಂಟಲೂ ಹೆಣೆದುಕೊಂಡಿರುವುದೇ ಅದರ ಸೊಗಸು. ಗಂಡ ಹೆಂಡತಿ ಇಬ್ಬರೂ ಹಾಡುವವರಾದರೆ ಇದೇ ಆಗಲಿ. ಮಾತಿಗಿಂತ ನಡತೆಯಲ್ಲಿ ತೋರಿಸು ಅನ್ನುವ ತಕರಾರು ಅದರ ಸಾಹಿತ್ಯ, ಯಾವ ಮನೆಗಾದರೂ ಹೊಂದುತ್ತೆ.

‘ಟು ಬಿ ವಿತ್ ಯೂ’ ಇದರ ಉಲ್ಟಾ. ಪಲ್ಲವಿ ಬಂತೆಂದರೆ ಕಾಲೇಜು ಗ್ಯಾದರಿಂಗ್ ಇಡೀ ಹಾಡುತ್ತೆ, ಬಾರಿಸುವವನು ತಪ್ಪಿದರೂ ಗೊತ್ತಾಗುವುದಿಲ್ಲ. ಮನಸ್ಸು ಮುರಿದುಕೊಂಡ ಹುಡುಗಿಗೆ ನಾನಿದ್ದೀನಲ್ಲ ಅನ್ನುವ ಹುಡುಗನ ಹಾಡು. ಹಾಡುಗಾರ ಎರಿಕ್ ಮಾರ್ಟಿನ್ ಇದನ್ನು ಬರೆಯಲು ಶುರುಮಾಡಿದ್ದೂ ಹದಿಹರೆಯದಲ್ಲೇ. ಮೂರೂವರೆ ನಿಮಿಷ. ಬಾರಿಸುವ ಕೈ ಇನ್ನೂ ಹೊಸದಾಗಿದ್ದು, ಎದುರಿಗೆ ಜನ ಇದ್ದರೆ ಇದು. ಕೈ ಪಳಗಿದ್ದು, ಎದುರಿಗೆ ಒಬ್ಬರೇ ಇದ್ದರೆ ಅದು.

ಹೆಸರು ನೋಡಿ ಮೋಸ ಹೋಗುವ ಹಾಡು

ಬಾನ್ ಜೋವಿಯ ‘ಆಲ್ವೇಸ್’ 1994ರದ್ದು. ಹೆಸರು ಕೇಳಿ ಮದುವೆ ಕಾರ್ಡಿನಲ್ಲಿ ಅಚ್ಚು ಹಾಕಿಸಿದವರನ್ನೂ ಕಂಡಿದ್ದೇನೆ. ಒಳಗೆ ನೋಡಿದರೆ ಆಕೆ ಆಗಲೇ ಇನ್ನೊಬ್ಬನ ಜೊತೆ. ಪಾಯ್ಸನ್‌ನ ‘ಎವ್ರಿ ರೋಸ್ ಹ್ಯಾಸ್ ಇಟ್ಸ್ ಥಾರ್ನ್’ ಹೆಸರಲ್ಲೇ ಮುಳ್ಳಿದೆ. ಬ್ರೆಟ್ ಮೈಕಲ್ಸ್ ಪ್ರೇಯಸಿಗೆ ಫೋನ್ ಮಾಡಿದಾಗ ಆ ಕಡೆ ಬೇರೆ ಗಂಡಸಿನ ದನಿ ಕೇಳಿಸಿ, ಬಟ್ಟೆ ಒಗೆಯುವ ಅಂಗಡಿಯಲ್ಲಿ ಕೂತು ಬರೆದದ್ದು. 1988ರ ಕೊನೆಗೆ ಅಮೆರಿಕದಲ್ಲಿ ಮೊದಲ ಸ್ಥಾನ ಬಂತು, ಹುಡುಗಿ ಬರಲಿಲ್ಲ. ಪರ್ಲ್ ಜಾಮ್‌ನ ‘ಬ್ಲ್ಯಾಕ್’ ಅಂತೂ ಕಗ್ಗತ್ತಲೆ. ಸಿಂಗಲ್ ಆಗಿ, ಅಂದರೆ ಆಲ್ಬಮ್ಮಿನಿಂದ ಬೇರೆ ಮಾಡಿ ಒಂದೇ ಹಾಡಾಗಿ, ಬಿಡಿ ಅಂತ ಕಂಪನಿ ಗಂಟುಬಿದ್ದರೂ ಬ್ಯಾಂಡ್ ಒಪ್ಪಲಿಲ್ಲ, ಅಷ್ಟು ಸ್ವಂತದ್ದು.

ಯೂ ಟೂ ಬ್ಯಾಂಡಿನ ‘ವಿತ್ ಆರ್ ವಿದೌಟ್ ಯೂ’ ಕೂಡ ಈ ಗುಂಪಿನದೇ, ಇದ್ದರೂ ಕಷ್ಟ ಇಲ್ಲದಿದ್ದರೂ ಕಷ್ಟ ಅನ್ನುವವನದು. ಆದರೆ ಕಲಿಯುವವರಿಗೆ ಒಳ್ಳೆಯದು. ಡಿ, ಎ, ಬಿ ಮೈನರ್, ಜಿ, ಈ ನಾಲ್ಕೇ ಸ್ವರಗುಚ್ಛಗಳು (ಕಾರ್ಡ್) ಕೊನೆತನಕ ಸುತ್ತುತ್ತವೆ. ಬಿ ಮೈನರ್ ಬೆರಳು ನೋಯಿಸುತ್ತೆ, ನೋಯಲಿ. ಒಂದು ಎಚ್ಚರಿಕೆ ಇದೆ: ಇದನ್ನು ಮೊಬೈಲ್ ಸ್ಪೀಕರಿನಲ್ಲಿ ಕೇಳಿ ಚೆನ್ನಾಗಿಲ್ಲ ಅನ್ನಬೇಡಿ. ಹಾಡು ನಿಂತಿರುವುದೇ ಬಾಸ್ ಗಿಟಾರಿನ ಮೇಲೆ. ಸಣ್ಣ ಸ್ಪೀಕರಿನಲ್ಲಿ ಆ ಬುಡವೇ ಕಾಣೆಯಾಗಿ, ಮೇಲಿನ ಗಿಟಾರ್ ಮಾತ್ರ ಗಾಳಿಯಲ್ಲಿ ತೇಲುತ್ತೆ. ಹಾಗೆಯೇ ಮೇ ತಿಂಗಳಲ್ಲಿ, ಫ್ಯಾನು ಐದರಲ್ಲಿ ತಿರುಗುತ್ತಾ ಕೂಲರ್ ಗುಡುಗುತ್ತಿರುವ ಬಳ್ಳಾರಿ ಮನೆಯಲ್ಲಿ ‘ನಥಿಂಗ್ ಎಲ್ಸ್ ಮ್ಯಾಟರ್ಸ್’ನ ಮೊದಲ ಒಂದು ನಿಮಿಷ ಇದ್ದೂ ಇಲ್ಲದ ಹಾಗೆ. ಇಯರ್‌ಫೋನ್ ಹಾಕಿ, ಇಲ್ಲವೇ ಮಳೆಗಾಲಕ್ಕೆ ಕಾಯಿರಿ.

ದೂರ ಇರುವವರಿಗೆ

ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಶಿಫ್ಟ್, ಹೆಂಡತಿ ಮಕ್ಕಳು ಊರಲ್ಲಿ; ಇಲ್ಲ, ಗಂಡ ಬೆಂಗಳೂರಲ್ಲಿ, ಶುಕ್ರವಾರ ರಾತ್ರಿ ಹತ್ತಿ ಶನಿವಾರ ಬೆಳಗ್ಗೆ ಇಳಿಯುವವನು. ನಮ್ಮ ಕಡೆ ಇಂಥ ಸಂಸಾರ ಮನೆಗೊಂದು. ಅವರಿಗೆ ಜರ್ನಿ ಬ್ಯಾಂಡಿನ ‘ಫೇತ್‌ಫುಲಿ’. 1983ರದ್ದು, ಕೀಬೋರ್ಡಿನ ಜೊನಾಥನ್ ಕೇನ್ ಬರೆದದ್ದು. ಊರೂರು ತಿರುಗಿ ಹಾಡುವವನು ಮನೆಯಲ್ಲಿರುವ ಹೆಂಡತಿಗೆ ಹೇಳುವ ಮಾತು. ಜರ್ನಿಯದೇ ‘ಓಪನ್ ಆರ್ಮ್ಸ್’ ಇದಕ್ಕಿಂತ ಹೆಸರುವಾಸಿ. 1982ರಲ್ಲಿ ಅಮೆರಿಕದ ಪಟ್ಟಿಯಲ್ಲಿ ಎರಡನೇ ಸ್ಥಾನದವರೆಗೆ ಬಂದು ಅಲ್ಲೇ ವಾರಗಟ್ಟಲೆ ನಿಂತಿತು. ಮೂರರ ಎಣಿಕೆಯ ತೂಗಾಟ, ತಿರುಗಿ ಬಂದವರ ಹಾಡು. ಹೋಗುವಾಗ ‘ಫೇತ್‌ಫುಲಿ’, ಬಂದಿಳಿದಾಗ ‘ಓಪನ್ ಆರ್ಮ್ಸ್’ ಅಂತ ಇಟ್ಟುಕೊಳ್ಳಿ. ಎರಡನ್ನೂ ಸ್ಟೀವ್ ಪೆರಿ ಹಾಡಿದ ಶ್ರುತಿಯಲ್ಲಿ ಹಾಡಲು ಹೋಗಬೇಡಿ.

ಏರೋಸ್ಮಿತ್‌ನ ‘ಐ ಡೋಂಟ್ ವಾಂಟ್ ಟು ಮಿಸ್ ಎ ಥಿಂಗ್’ ಮದುವೆಗಳಲ್ಲಿ ಎಲ್ಲರೂ ಹಾಕುವುದು, ಹಾಕಲಿಕ್ಕೆ ಕಾರಣವೂ ಇದೆ. ಕಥೆ ಕ್ಷೇಮ: ಮಲಗಿದವಳನ್ನು ನೋಡುತ್ತಾ ಕಣ್ಣು ಮುಚ್ಚಲೊಲ್ಲದವನು. ಬರೆದವರು ಬ್ಯಾಂಡಿನವರಲ್ಲ, ಡಯಾನ್ ವಾರೆನ್. 1970ರಲ್ಲಿ ಹುಟ್ಟಿದ ಬ್ಯಾಂಡಿಗೆ ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನ ಸಿಕ್ಕಿದ್ದು 1998ರಲ್ಲಿ, ಇದೇ ಹಾಡಿನಿಂದ, ಅದೂ ಕ್ಷುದ್ರಗ್ರಹದಿಂದ ಭೂಮಿಯನ್ನು ಉಳಿಸುವ ಸಿನಿಮಾದ ಹಾಡಿನಿಂದ. ಆ ಸಿನಿಮಾದಲ್ಲಿ ನಾಯಕಿ ಹಾಡುಗಾರ ಸ್ಟೀವನ್ ಟೈಲರ್ ಅವರ ಮಗಳೇ. ಬ್ಯಾಂಡಿನವರು 2007ರಲ್ಲಿ ಬೆಂಗಳೂರಿಗೂ ಬಂದು ಹಾಡಿಹೋಗಿದ್ದಾರೆ. ಆದರೂ ನನಗೆ ಈ ಹಾಡು ಸ್ವಲ್ಪ ಜಾಸ್ತಿ ಸಕ್ಕರೆ ಬಿದ್ದ ಚಹಾ. ವಾದ್ಯವೃಂದ ಮೊದಲ ಸೆಕೆಂಡಿಗೇ ಎದ್ದುಬಿಡುತ್ತೆ, ಗೇಟು ತೆಗೆಯುವ ಮುಂಚೆಯೇ ನೀರು ಬಂದ ಹಾಗೆ. ಮನೆಮಂದಿಗೆಲ್ಲ ಇಷ್ಟವಾಗಬೇಕು, ಯಾರೂ ತಕರಾರು ಮಾಡಬಾರದು ಅಂದರೆ ಮಾತ್ರ ಇದನ್ನೇ ಹಾಕಿ.

ಕ್ವೀನ್, ಬೀಟಲ್ಸ್

ಕ್ವೀನ್‌ನ ‘ಲವ್ ಆಫ್ ಮೈ ಲೈಫ್’ನಲ್ಲಿ ಆಯ್ಕೆ ಹಾಡಿನದಲ್ಲ, ರೂಪದ್ದು. 1975ರ ಆಲ್ಬಮ್ಮಿನಲ್ಲಿ ಪಿಯಾನೋ ಇದೆ, ಬ್ರಯಾನ್ ಮೇ ನುಡಿಸಿದ ಹಾರ್ಪ್ ಇದೆ, ಒಂದರ ಮೇಲೊಂದು ಕೂರಿಸಿದ ಧ್ವನಿಗಳಿವೆ. ವೇದಿಕೆಯಲ್ಲಿ ಅದೆಲ್ಲ ಕಳಚಿ ಹನ್ನೆರಡು ತಂತಿಯ ಗಿಟಾರ್, ಫ್ರೆಡ್ಡಿ ಮರ್ಕ್ಯುರಿ ಅವರ ಗಂಟಲು, ಉಳಿದದ್ದು ಜನ. 1985ರ ರಿಯೋ ಕಾರ್ಯಕ್ರಮದ ದೃಶ್ಯ ನೋಡಿ. ಇಂಗ್ಲಿಷ್ ತಾಯ್ನುಡಿಯಲ್ಲದ ಸಮುದ್ರದಷ್ಟು ಜನ ಸಾಲಿಗೆ ಸಾಲು ಹಾಡುತ್ತಾರೆ, ಫ್ರೆಡ್ಡಿ ಸುಮ್ಮನೆ ಕೈಯಾಡಿಸುತ್ತಾ ನಿಂತಿರುತ್ತಾರೆ. ಪಂಚಗಣಿಯ ಹಾಸ್ಟೆಲಿನಲ್ಲಿ ಓದಿದ ಹುಡುಗ ಅದು. ಇದೂ ಬಿಟ್ಟುಹೋದವಳನ್ನು ಕರೆಯುವ ಹಾಡೇ, ಆದರೂ ಅಷ್ಟು ಜನ ಒಟ್ಟಿಗೆ ಹಾಡಿದಾಗ ದುಃಖ ಹಂಚಿಹೋಗುತ್ತೆ. ವೇದಿಕೆಯ ರೂಪಕ್ಕೇ ನನ್ನ ಓಟು.

ಬೀಟಲ್ಸ್‌ನ ‘ಸಮ್‌ಥಿಂಗ್’ ಬಗ್ಗೆ ನಾನು ತಡವಾಗಿ ಬುದ್ಧಿ ಕಲಿತೆ. ಹುಡುಗನಾಗಿದ್ದಾಗ ಇದು ರಾಕೇ ಅಲ್ಲ ಅನ್ನುತ್ತಿದ್ದೆ. 1969, ಜಾರ್ಜ್ ಹ್ಯಾರಿಸನ್ ರಚನೆ. ಬೀಟಲ್ಸ್ ಸಿಂಗಲ್ ಒಂದರ ಮುಂಬದಿಗೆ ಅವರ ಹಾಡು ಬಂದದ್ದು ಅದೇ ಮೊದಲು. 3 ನಿಮಿಷ 2 ಸೆಕೆಂಡ್. ಅಷ್ಟರಲ್ಲಿ ಒಂದು ಗೇಟು ಎತ್ತಿ ಇಳಿಸಿ, ಗಿಟಾರ್ ಸೋಲೋ ಕೂಡ ಹಾಡಿನಂತೆಯೇ ಹಾಡಿ ಮುಗಿದಿರುತ್ತೆ. ಬೇಡುವುದಿಲ್ಲ, ಕೂಗುವುದಿಲ್ಲ. ಆಕೆಯಲ್ಲಿ ಏನೋ ಇದೆ ಅನ್ನುತ್ತಾನೆ, ಏನು ಅಂತ ಹೇಳುವುದಿಲ್ಲ.

ಈಗ ತಮ್ಮನ ವಿಷಯ. ಮಂಟಪಕ್ಕೆ ಹೋಗಿ ಬಾಗಿಲಿಂದ ಸ್ಟೇಜಿನ ತನಕ ನಡೆದು ನೋಡಿದೆ. ನನ್ನ ಹೆಜ್ಜೆಯಲ್ಲಿ ನಲವತ್ತೆಂಟು. ಫೋಟೋದವರು ನಾಲ್ಕು ಕಡೆ ನಿಲ್ಲಿಸುತ್ತಾರೆ, ಅತ್ತೆಯೊಬ್ಬರು ದೃಷ್ಟಿ ತೆಗೆಯುತ್ತಾರೆ, ಎಲ್ಲ ಸೇರಿ ಮೂರು ನಿಮಿಷ. ‘ಸಮ್‌ಥಿಂಗ್’ಗೆ ಹೇಳಿಮಾಡಿಸಿದ ಅಳತೆ. ಹಾಗಂತ ಹೇಳಿದೆ. ಮರುದಿನ ಮದುಮಗಳೇ ಫೋನ್ ಮಾಡಿದಳು. ‘ಭಾವಾ, ನೀವು ಹೇಳಿದ್ದು ಚೆನ್ನಾಗಿದೆ. ಆದ್ರೆ ನನಗೆ ಮೆಟಾಲಿಕಾನೇ ಬೇಕು. ಕಾಲೇಜಿಂದ ಅಂದ್ಕೊಂಡಿದ್ದು.’

ಆರೂವರೆ ನಿಮಿಷ ಆಗುವುದಿಲ್ಲ, ಮಧ್ಯದ ಜೋರು ಅಜ್ಜಿಯಂದಿರಿಗೆ ಆಗುವುದಿಲ್ಲ. ಅದಕ್ಕೇ ರೆಕಾರ್ಡ್ ಬೇಡ, ನಾವೇ ಬಾರಿಸುವುದು ಅಂತ ತೀರ್ಮಾನ. ಆ ಖಾಲಿ ತಂತಿಗಳಿಂದ ಶುರು, ಎರಡು ಚರಣ, ಡ್ರಮ್ಸ್ ಬದಲು ತಬಲಾದ ಮೇಲೆ ಬೆರಳಷ್ಟೇ, ಗೇಟು ಏಳುವ ಮುಂಚೆ ನಿಲ್ಲಿಸಿ ಮತ್ತೆ ಮೊದಲ ಸಾಲಿಗೆ ಬಂದು ಮುಗಿಸುವುದು. ಮೂರು ನಿಮಿಷ ಹತ್ತು ಸೆಕೆಂಡಿಗೆ ಬಂದಿದೆ. ತಬಲಾದವನಿಗೆ ಹಾಡನ್ನು ಮೂರು ಸಲ ಕಳಿಸಿದೆ. ಆತ ಕೇಳಿದ ಮೇಲೆ ಮಾಡಿದ್ದು ಒಂದೇ ಪ್ರಶ್ನೆ:

‘ಹಾಡು ಆಯ್ತು ಬಿಡಣ್ಣಾ. ಎಲ್‌ಇಡಿ ಪರದೆ ಯಾರು ನೋಡ್ಕೋತಾರೆ?’